ಹಸು ಕಂದು ಹಾಕಿದರೆ ಬರಿಗೈ ಹಾಕಬೇಡಿ

ಮುಳಬಾಗಿಲು ಕಡೆ ಒಂದು ಕೊಟ್ಟಿಗೆಯಲ್ಲಿ ಹಸು ಏಳನೇ ತಿಂಗಳಿಗೇ ಕಂದು ಹಾಕಿತ್ತು, ಅಂದರೆ ಗರ್ಭಪಾತ ಆಗಿತ್ತು. ಅಜ್ಜಿ ಬರಿಗೈಲೇ ಕಸ, ಅಂದರೆ ಹಸುವಿನ ಮಾಸು, ಬಾಚಿ ಗೋಣಿಚೀಲಕ್ಕೆ ತುಂಬಿದರು. ಆಲದ ಮರಕ್ಕೆ ಕಟ್ಟಿ ಬಾ ಅಂತ ಮೊಮ್ಮಗನ ಕೈಗೆ ಕೊಟ್ಟರು. ಹುಡುಗನ ಹೆಬ್ಬೆರಳಲ್ಲಿ ಕುಡುಗೋಲು ತಾಗಿದ ಹಸಿಗಾಯ! ಐದು ತಿಂಗಳು ದಾಟಿದ ಮೇಲೆ ಕಂದು ಹಾಕಿದರೆ ಅದು ಕಂದು ರೋಗ, ಅಂದರೆ ಬ್ರೂಸೆಲ್ಲೋಸಿಸ್ ಇರಬಹುದು. ಗಾಯ, ಕಣ್ಣು, ಹಸಿ ಹಾಲಿನ ಮೂಲಕ ಅದು ನಮಗೂ ಬರುತ್ತದೆ.

ಮೊದಲು ಪಶು ವೈದ್ಯರಿಗೆ ಹೇಳಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಹಸುವನ್ನು ಬೇರೆ ಕಟ್ಟಿ. ಮಕ್ಕಳು, ಬಸುರಿಯರು ಹತ್ತಿರ ಬರಬಾರದು.

ಎಲ್ಲರೂ ಎಡವುವುದು ಕಸ ತೆಗೆಯುವಾಗಲೇ. ಕಸ ಬಿದ್ದಿಲ್ಲವೆಂದರೆ ಎಳೆಯಲೇಬೇಡಿ, ಅದು ವೈದ್ಯರ ಕೆಲಸ. ಬಿದ್ದಿದ್ದರೆ ತೋಳುದ್ದದ ಗ್ಲೌಸ್ ಹಾಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ. ತೆಳು ಪ್ಲಾಸ್ಟಿಕ್ ಗ್ಲೌಸ್ ಬೇಡ, ಅರ್ಧ ಕೆಲಸಕ್ಕೇ ಹರಿಯುತ್ತದೆ. ಪರೀಕ್ಷೆಗೆ ಬೇಕಾದ್ದನ್ನು ವೈದ್ಯರು ತೆಗೆದುಕೊಂಡ ಮೇಲೆ, ಬಾವಿಯಿಂದ ದೂರ ಎದೆಮಟ್ಟದ ಗುಂಡಿ ತೋಡಿ. ತಳಕ್ಕೆ ಸುಣ್ಣ, ಅದರ ಮೇಲೆ ಕಂದು, ಕಸ, ಒದ್ದೆಯಾದ ಹುಲ್ಲು ಎಲ್ಲ ಹಾಕಿ, ಮತ್ತೆ ಸುಣ್ಣ ಸುರಿದು ಮಣ್ಣು ತುಳಿಯಿರಿ. ನಾಯಿ ಕೆದಕದಂತೆ ಮೇಲೆ ಜಾಲಿಮುಳ್ಳು ಹೇರಿ. ಮರಕ್ಕೆ ಕಟ್ಟಿದರೆ ಹಾಲು ಜಾಸ್ತಿ ಆಗುತ್ತದೆ ಅನ್ನುವ ನಂಬಿಕೆ ನನಗೂ ಗೊತ್ತು. ಆದರೆ ಆ ಚೀಲದಿಂದ ತೊಟ್ಟಿಕ್ಕುವುದನ್ನು ನಾಯಿ ನೆಕ್ಕಿ, ಅದೇ ಬಾಯಲ್ಲಿ ಮನೆಗೆ ಬರುತ್ತದೆ ಅಲ್ವಾ? ಕೊಟ್ಟಿಗೆಗೆ ಪೈಪಿನಿಂದ ಜೋರಾಗಿ ನೀರು ಹೊಡೆಯಬೇಡಿ, ಮುಖಕ್ಕೆ ಸಿಡಿಯುತ್ತದೆ. ಬ್ಲೀಚಿಂಗ್ ಪುಡಿ ಕದಡಿದ ನೀರು ಸುರಿದು ಬಿಡಿ. ವಾಸನೆ ಹೋದ ಹಳೇ ಪುಡಿಯಿಂದ ಏನೂ ಆಗುವುದಿಲ್ಲ. ಕೊನೆಗೆ ಮೊಣಕೈವರೆಗೂ ಸೋಪು ಹಚ್ಚಿ ತೊಳೆಯಿರಿ.

ಹಾಲನ್ನು ಉಕ್ಕುವವರೆಗೆ ಕಾಯಿಸಿಯೇ ಕುಡಿಯಿರಿ.

ಮುಂದಿನ ಕರುಗಳಿಗೆ ಲಸಿಕೆ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆ ಕಂದು ರೋಗವನ್ನೂ ಸೇರಿಸಿದ್ದಾರೆ. 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಜೀವನದಲ್ಲಿ ಒಂದೇ ಸಲ, ದುಡ್ಡಿಲ್ಲದೆ ಹಾಕುತ್ತಾರೆ. ಕಿವಿಗೆ 12 ಅಂಕಿಯ ಓಲೆ ಇರಬೇಕು. ಕಿವಿ ಹರಿದೀತು ಅಂತ ಬೇಡ ಅನ್ನಬೇಡಿ, ಲೆಕ್ಕ ಇಡುವುದೇ ಆ ನಂಬರಿನಿಂದ. ಗಂಡು ಕರುವಿಗೆ, ಗಬ್ಬದ ಹಸುವಿಗೆ ಇದು ಬೇಡ. ಇದು ಜೀವಂತ ರೋಗಾಣುವಿನ ಲಸಿಕೆ, ಸೂಜಿ ನೀವು ಮುಟ್ಟಬೇಡಿ.

ಕಂದು ಮುಟ್ಟಿದವರಿಗೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ ನೋವು ಬಂದರೆ ಡಾಕ್ಟರಿಗೆ ಮೊದಲ ಮಾತೇ ಹೀಗಿರಲಿ: "ಮನೇಲಿ ಹಸು ಕಂದು ಹಾಕಿತ್ತು, ನಾನೇ ತೆಗೆದೆ."