ಸೇಫ್ಟಿ ಆಫೀಸರ್ ಮಾತು ಪ್ರೆಸ್ ಶಾಪ್‌ನಲ್ಲಿ ನಡೆಯಬೇಕಾದರೆ

ಸೇಫ್ಟಿ ಆಫೀಸರ್ ಕೈಯಲ್ಲಿ ಪ್ರೊಡಕ್ಷನ್ನೂ ಇಲ್ಲ, ಮೆಂಟೆನೆನ್ಸೂ ಇಲ್ಲ, ಯಾರ ಇನ್‌ಕ್ರಿಮೆಂಟೂ ಇಲ್ಲ. 1948ರ ಕಾರ್ಖಾನೆ ಕಾಯ್ದೆ 1000 ಕಾರ್ಮಿಕರಿರುವ ಕಡೆ ಈ ಹುದ್ದೆ ಇರಲೇಬೇಕೆಂದಿತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಅದನ್ನು 500ಕ್ಕೆ ಇಳಿಸಿತು. ಕುರ್ಚಿಯನ್ನೇನೋ ಕಾನೂನು ಕೊಡುತ್ತದೆ. ಮಾತು ಕೇಳುವುದು, ಬಿಡುವುದು ಶಾಪ್‌ನವರ ಮರ್ಜಿ.

ಪವರ್ ಪ್ರೆಸ್ ಅಂದರೆ ಲೋಹದ ತಗಡನ್ನು ಡೈ ಎಂಬ ಅಚ್ಚಿನಲ್ಲಿ ಒತ್ತುವ ಯಂತ್ರ. ಎರಡೂ ಕೈ ಡೈಯಿಂದ ಹೊರಗಿರಲೆಂದು ಅದಕ್ಕೆ ಎರಡು ಬಟನ್. ಅವುಗಳಲ್ಲಿ ಒಂದಕ್ಕೆ ಟೇಪ್ ಬಿಗಿದು ಒಂಟಿ ಕೈಯಲ್ಲಿ ಓಡಿಸುವುದು ಹಳೇ ರೋಗ. ಅಲ್ಲಿ ನಾನು ಮೊದಲು ಮೊಬೈಲ್ ತೆಗೆಯುವುದಿಲ್ಲ. ಫೋಟೋ ಮ್ಯಾನೇಜರಿಗೆ ಹೋಯಿತೆಂದರೆ ಆಮೇಲೆ ಆ ಲೈನ್‌ನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತೇನೆ. ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು: ಪಾರ್ಟ್ ಡೈಯಲ್ಲೇ ಕಚ್ಚಿಕೊಳ್ಳುತ್ತದೆ, ಬ್ಲ್ಯಾಂಕ್ (ಒತ್ತಬೇಕಾದ ತಗಡಿನ ತುಂಡು) ಇಡುವ ಟ್ರೇ ದೂರವಿದೆ, ಇಲ್ಲವೇ ಒಂಟಿ ಕೈಯ ವೇಗವನ್ನೇ ಲೆಕ್ಕ ಹಿಡಿದು ಟಾರ್ಗೆಟ್ ಕಟ್ಟಿದ್ದಾರೆ. ಪಾರ್ಟನ್ನು ಗಾಳಿಯಿಂದ ಊದಿ ಹೊರತಳ್ಳುವ ಏರ್ ಬ್ಲೋ ಹಾಕಿಸಿ, ಟ್ರೇಯನ್ನು ಸೊಂಟದ ಮಟ್ಟಕ್ಕೆ ತಂದರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಟಾರ್ಗೆಟ್ ವಿಚಾರವನ್ನು ಸೂಪರ್‌ವೈಸರ್ ಜೊತೆ ಮೊದಲು ಮಾತಾಡಬೇಕು. ಅವರ ತಲೆ ಮೇಲಿಂದ ಮ್ಯಾನೇಜರ್ ಹತ್ತಿರ ಹೋದವರಿಗೆ ಆ ಶಾಪ್‌ನಲ್ಲಿ ಮತ್ತೆ ಕೆಲಸವಿಲ್ಲ.

ಆಮೇಲೆ ಕಂಟ್ರೋಲ್. ಎರಡೂ ಬಟನ್ 0.5 ಸೆಕೆಂಡ್ ಒಳಗೆ ಒಟ್ಟಿಗೆ ಒತ್ತಿದರೆ ಮಾತ್ರ ಸ್ಟ್ರೋಕ್ (ಪ್ರೆಸ್‌ನ ಒಂದು ಹೊಡೆತ), ಎರಡನ್ನೂ ಬಿಟ್ಟ ಮೇಲೆಯೇ ಮುಂದಿನದು, ಹೀಗಿರುವ ರಿಲೇ ಹಾಕಿಸಿದರೆ ಟೇಪ್ ಉಪಯೋಗಕ್ಕೆ ಬರುವುದಿಲ್ಲ. ಬಟನ್ ಡೈಯಿಂದ ಎಷ್ಟು ದೂರವಿರಬೇಕು? ಪ್ರೆಸ್ ನಿಲ್ಲಲು ಹಿಡಿಯುವ ಸೆಕೆಂಡನ್ನು 1600ರಿಂದ ಗುಣಿಸಿ 250 ಕೂಡಿಸಿ. ಒಟ್ಟು 0.2 ಸೆಕೆಂಡಿಗೆ ನಿಲ್ಲುವ ಪ್ರೆಸ್‌ಗೆ 570 ಮಿಲಿಮೀಟರ್. ಆದರೆ ಹಳೆಯ ಕೀ ಕ್ಲಚ್ ಪ್ರೆಸ್ ಸ್ಟ್ರೋಕ್ ಮಧ್ಯೆ ನಿಲ್ಲುವುದೇ ಇಲ್ಲ, ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಬೆರಳು ತೂರದಂಥ ಫಿಕ್ಸೆಡ್ ಗಾರ್ಡೇ ಬೇಕು. ಇದು ಗೊತ್ತಿಲ್ಲದೆ ಬಟನ್ ಬಗ್ಗೆ ಉಪದೇಶ ಮಾಡಿದರೆ ಫಿಟ್ಟರ್ ಮುಖ ನೋಡಿ ನಗುತ್ತಾನೆ, ನಗಬೇಕಾದ್ದೇ.

ಮ್ಯಾನೇಜ್‌ಮೆಂಟಿಗೆ ಒಂದೇ ಹಾಳೆ: ಯಾವ ಮೆಷಿನ್, ಏನು ಮಾಡಬೇಕು, ಖರ್ಚೆಷ್ಟು, ಎಷ್ಟು ಗಂಟೆ ನಿಲ್ಲಿಸಬೇಕು, ಯಾರ ಹೊಣೆ. ಕಾಯ್ದೆಯ ಕಲಂ ಕೊನೇ ಸಾಲಿಗೆ ಸಾಕು. ತಿಂಗಳ ಕೊನೆಯ ಡಿಸ್ಪ್ಯಾಚ್ ಗದ್ದಲದಲ್ಲಿ ಕೊಟ್ಟರೆ ಹಾಳೆ ಫೈಲಿಗೆ ಹೋಗುತ್ತದೆ. ಡೈ ಬದಲಿಸಲು ಮೆಷಿನ್ ಹೇಗೂ ನಿಂತಿರುವ ದಿನ ನೋಡಿಕೊಂಡು ಕೊಡಬೇಕು.

‘ಕೆಲಸ ನಿಲ್ಲಿಸಿ’ ಅನ್ನುವುದನ್ನು ತೀರಾ ಕೆಲವಕ್ಕೆ ಮೀಸಲಿಟ್ಟಿದ್ದೇನೆ: ಕರೆಂಟ್ ಕಡಿದು ಲಾಕ್ ಹಾಕದೆ ಮೆಷಿನ್ ಒಳಗೆ ಕೈಯಿಡುವುದು, ಸೇಫ್ಟಿ ಬೆಲ್ಟ್‌ನ ಹುಕ್ ಸಿಕ್ಕಿಸದೆ ಎತ್ತರದಲ್ಲಿ ಕೆಲಸ, ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಿರುವ ಅಥವಾ ಅಳತೆಯನ್ನೇ ಮಾಡದ ಟ್ಯಾಂಕ್‌ಗೆ ಇಳಿಯುವುದು. ಇಯರ್‌ಪ್ಲಗ್‌ಗೂ ಟ್ಯಾಂಕಿಗೂ ಒಂದೇ ದನಿಯಲ್ಲಿ ಕೂಗಾಡಿದರೆ ಎರಡನ್ನೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸ್ವಲ್ಪದರಲ್ಲಿ ತಪ್ಪಿದ ಅವಘಡಗಳ ಚೀಟಿಯಲ್ಲಿ ಹೆಸರಿನ ಜಾಗವೇ ಇರಬಾರದು. ಬಂದ ಚೀಟಿಗೆ ಒಂದು ವಾರದೊಳಗೆ ನೋಟಿಸ್ ಬೋರ್ಡ್‌ನಲ್ಲಿ ಉತ್ತರ ಬರೆಯುತ್ತೇನೆ, ಆಗದ್ದಕ್ಕೆ ಯಾಕೆ ಆಗುವುದಿಲ್ಲ ಅಂತಲೂ. ಉತ್ತರ ಕಾಣದಿದ್ದರೆ ಚೀಟಿ ಬರುವುದೂ ನಿಲ್ಲುತ್ತದೆ. ಪೆಟ್ಟಿಗೆ ಖಾಲಿಯಿದೆಯೆಂದು ರಿಪೋರ್ಟಿನಲ್ಲಿ ‘ಶೂನ್ಯ’ ಬರೆದುಕೊಳ್ಳುವ ಆಫೀಸರುಗಳೂ ಇದ್ದಾರೆ.