ಮಕ್ಕಳ ವಯಸ್ಸು ನೋಡಿ ವಿಶ್ವಾಸ ಕಲಿಸಿದ್ದು: ದಾವಣಗೆರೆಯಿಂದ ಒಬ್ಬ ತಾಯಿಯ ಅನುಭವ

ನಾವು ಕಥೋಲಿಕ ಕ್ರೈಸ್ತರು. ಪ್ರಾರ್ಥನೆಗೆ ಮುಂಚೆ ಮೈಮೇಲೆ ಶಿಲುಬೆ ಗುರುತು ಹಾಕೋದನ್ನು ಕಲಿಸುವಾಗ ಮಗುವನ್ನು ಎದುರಿಗೆ ಕೂರಿಸಿಕೊಳ್ಳಬೇಡಿ. ಎದುರಿಗೆ ಕೂತ ಮಗುವಿಗೆ ನಾವು ಕನ್ನಡಿ ಇದ್ದ ಹಾಗೆ. ನಾವು ಬಲಗೈ ಎತ್ತಿದರೆ ಅದು ಎಡಗೈ ಎತ್ತುತ್ತೆ. ನಾನು ಇಬ್ಬರು ಮಕ್ಕಳನ್ನೂ ತೊಡೆ ಮೇಲೆ, ನಾನು ನೋಡುವ ಕಡೆಗೇ ಮುಖ ಮಾಡಿ ಕೂರಿಸಿಕೊಂಡು, ಪುಟ್ಟ ಬಲಗೈ ಹಿಡಿದು ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿಸುತ್ತಿದ್ದೆ. ಎರಡು ವರ್ಷದ ಮಗುವಿಗೆ, ಆಗ ಹೇಳುವ ಪಿತ, ಸುತ, ಪವಿತ್ರಾತ್ಮ ಅಂದರೆ ಏನು ಅಂತ ವಿವರಿಸೋಕೆ ಹೋಗಲಿಲ್ಲ. ಕೈಗೆ ಅಭ್ಯಾಸ ಆಗಲಿ, ಅರ್ಥ ಅದರ ಕಾಲಕ್ಕೆ ಬರಲಿ ಅನ್ನೋದು ನನ್ನ ಲೆಕ್ಕ.

ನಾನು ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಭಾನುವಾರದ ಧರ್ಮೋಪದೇಶ ತರಗತಿಯನ್ನೂ ತಗೊಳ್ತೀನಿ. ಅಪ್ಪ ಅಮ್ಮಂದಿರಿಗೆ ಅಲ್ಲಿ ಮತ್ತೆ ಮತ್ತೆ ಹೇಳೋದು ಒಂದೇ ಮಾತು: ಮಗುವಿನ ವಯಸ್ಸಿಗೆ ಮೀರಿದ ಭಾರ ಹೊರಿಸಬೇಡಿ. ಇದು ನನ್ನ ಸ್ವಂತ ಮಾತಲ್ಲ, ಧರ್ಮಸಭೆಯ ಕಾನೂನೇ ಹಾಗಿದೆ. ತಿಳಿವಳಿಕೆಯ ವಯಸ್ಸು ಅಂತ ಏಳನ್ನು ಹಿಡಿಯುತ್ತೆ. ಮಾಂಸ ವರ್ಜನೆಯ ನಿಯಮ 14 ತುಂಬಿದ ಮೇಲೆ, ಉಪವಾಸದ ನಿಯಮ 18 ತುಂಬಿದ ಮೇಲೆ.

ಏಳರವರೆಗೆ ನಮ್ಮ ಮನೆಯಲ್ಲಿ ಪ್ರಾರ್ಥನೆ ಅಂದರೆ ಚಿಕ್ಕದು. ಮಣಿ ಎಣಿಸುತ್ತಾ ಮರಿಯಮ್ಮನಿಗೆ ಮಾಡುವ ಪ್ರಾರ್ಥನೆ ಜಪಸರ. ಪೂರ್ತಿ ಜಪಸರಕ್ಕೆ ಕೂರಿಸಿದರೆ ಮಕ್ಕಳು ಆಕಳಿಸ್ತಾರೆ, ನಾವು ಗದರುತ್ತೀವಿ, ಅಲ್ಲಿಗೆ ಪ್ರಾರ್ಥನೆ ಮುಗೀತು. ಅದಕ್ಕೇ ಒಂದು ರಹಸ್ಯ (ಯೇಸು, ಮರಿಯಮ್ಮನ ಬದುಕಿನ ಒಂದು ಘಟನೆ), ಹತ್ತು ಮಣಿ, ಅಷ್ಟೇ. ಮಣಿ ಎಣಿಸುವ ಕೆಲಸ ಮಗುವಿಗೆ ಕೊಡುತ್ತಿದ್ದೆವು. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ದೇವಾಲಯಕ್ಕೆ ಹೋಗಿ ಮೇಣದಬತ್ತಿ ಹಚ್ಚೋದು, ಆಮೇಲೆ ತುಂಗಭದ್ರೆ ನೋಡಿ ಬರೋದು. ಆ ದೇವಾಲಯ 2019ರಲ್ಲಿ ಬಸಿಲಿಕಾ, ಅಂದರೆ ಪೋಪ್ ವಿಶೇಷ ಗೌರವ ಕೊಟ್ಟ ದೇವಾಲಯ, ಆಯಿತು. ಮಕ್ಕಳಿಗೆ ಅದೆಲ್ಲ ಬೇಕಿರಲಿಲ್ಲ, ಬತ್ತಿ ತಾವೇ ಹಚ್ಚಬೇಕು, ಅದೊಂದೇ ಹಟ. ಹಚ್ಚಲಿ ಬಿಡಿ.

ಒಂದು ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಆಡಕೂಡದು ಅಂತ ಕಟ್ಟುನಿಟ್ಟು ಮಾಡಿದ್ದೆ: "ಸುಳ್ಳು ಹೇಳಿದರೆ ಯೇಸುಸ್ವಾಮಿ ಶಿಕ್ಷೆ ಕೊಡ್ತಾನೆ." ಮಗು ಊಟ ಮಾಡಲಿ, ನಿದ್ದೆ ಮಾಡಲಿ ಅಂತ ದೇವರನ್ನು ಗುಮ್ಮನ ಕೆಲಸಕ್ಕೆ ಹಚ್ಚೋದು ನನಗೆ ಯಾವತ್ತೂ ಸರಿ ಅನಿಸಿಲ್ಲ.

ಪ್ರಥಮ ಪರಮಪ್ರಸಾದದ, ಅಂದರೆ ಯೇಸುವಿನ ಶರೀರ ಅಂತ ನಾವು ನಂಬುವ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವ, ವಯಸ್ಸನ್ನು ಏಳರ ಹತ್ತಿರಕ್ಕೆ ಇಳಿಸಿದ್ದು 1910ರಲ್ಲಿ ಪೋಪ್ ಹತ್ತನೇ ಪಯಸ್. ನಮ್ಮ ಮಕ್ಕಳು ಇನ್ನೂ ಸ್ವಲ್ಪ ದೊಡ್ಡವರಾದ ಮೇಲೆ ಸ್ವೀಕರಿಸಿದರು. ಬಿಳಿ ಫ್ರಾಕು, ಫೋಟೋ, ಊಟ, ಇದರಲ್ಲೇ ಮನೆಮಂದಿ ಮುಳುಗಿದಾಗ ಮಗುವಿನ ತಲೆಯಲ್ಲಿ ಇರೋದು ಬೇರೆ: ಪಾಪನಿವೇದನೆಯ, ಅಂದರೆ ಅದಕ್ಕೆ ಮುಂಚೆ ಗುರುಗಳ (ಪಾದ್ರಿಗಳ) ಮುಂದೆ ತಪ್ಪು ಒಪ್ಪಿಕೊಳ್ಳುವ, ಭಯ. ನಾವು ಮೊದಲೇ ಮನೆಯಲ್ಲಿ ಒಂದು ರೂಢಿ ಹಾಕಿದ್ದೆವು. ರಾತ್ರಿ ಮಲಗುವ ಮುಂಚೆ ಆ ದಿನ ಯಾರಿಗೆ ನೋವು ಮಾಡಿದ್ದೀವೋ ಅವರಿಗೆ "ತಪ್ಪಾಯ್ತು" ಅನ್ನೋದು. ಅಪ್ಪನೂ ಅನ್ನಬೇಕು, ಅಮ್ಮನೂ ಅನ್ನಬೇಕು. ಅಪ್ಪ ತನ್ನ ಬಾಯಿಂದ "ಬೆಳಿಗ್ಗೆ ಸುಮ್ಮಸುಮ್ಮನೆ ಬೈದೆ, ತಪ್ಪಾಯ್ತು ಮಗಳೇ" ಅಂದದ್ದನ್ನು ಕೇಳಿದ ಮಗುವಿಗೆ ಗುರುಗಳ ಮುಂದೆ ಮೊಣಕಾಲೂರೋದು ಹೊಸದಾಗಿ ಕಾಣಲಿಲ್ಲ. ಇನ್ನೊಂದು, ಹೊರಗೆ ಬಂದ ಮಗುವನ್ನು "ಏನು ಹೇಳಿದೆ?" ಅಂತ ಕೇಳಲೇಬಾರದು. ಗುರುಗಳೇ ಗುಟ್ಟು ಬಿಟ್ಟುಕೊಡದಿರುವಾಗ ನಾವು ಕೆದಕೋಕೆ ಯಾರು?

ಹದಿನಾಲ್ಕರ ಹೊತ್ತಿಗೆ ಬರುವ ಪ್ರಶ್ನೆಗಳು ಬೇರೆಯವು. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಅದು ಬರೋದು ಮಾರ್ಚ್ ಆಸುಪಾಸಿನಲ್ಲಿ, ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ನಮ್ಮ ತಪಸ್ಸು ಕಾಲದಲ್ಲೇ. ಊರೆಲ್ಲ ನೆಂಟರು, ಬಾಡೂಟ. ಆ ವರ್ಷ ಮಗ ನಲವತ್ತು ದಿನವೂ ಬಾಡು ಬಿಡ್ತೀನಿ ಅಂತ ತಾನೇ ನಿರ್ಧಾರ ಮಾಡಿದ್ದ. ಶುಕ್ರವಾರದ್ದು ನಿಯಮ, ಉಳಿದದ್ದು ಅವನ ಇಷ್ಟ. ಪಕ್ಕದ ಮನೆ ಅಜ್ಜಿ ಊಟಕ್ಕೆ ಕರೆದಾಗ "ನಾನು ಹೋಗಲ್ಲ, ಅದು ಅವರ ದೇವರ ಹಬ್ಬ" ಅಂದ.

ಅವನನ್ನು ಕೂರಿಸಿಕೊಂಡು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೇ ಅಧ್ಯಾಯ ಓದಿಸಿದೆ. ಅವರದ್ದೂ ನಮ್ಮಂಥದ್ದೇ ಊರು, ಸುತ್ತ ಬೇರೆ ಬೇರೆ ಪೂಜೆಯ ಜನ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಕೆದಕದೆ ಉಣ್ಣಿ. ಇದು ನೈವೇದ್ಯ ಮಾಡಿದ್ದು ಅಂತ ಅವರೇ ತಿಳಿಸಿದರೆ ಮಾತ್ರ ಬಿಡಿ ಅನ್ನುತ್ತಾರೆ ಪೌಲರು. "ಅಂದ್ರೆ ಹೋಗಬೇಡಿ ಅಂತ ಎಲ್ಲೂ ಇಲ್ವಾ?" ಅಂತ ಮಗ ಎರಡು ಸಲ ಓದಿದ.

ನಾನು ಅಜ್ಜಿಗೆ ಮುಂಚೆಯೇ ಹೇಳಿದೆ: "ಅಜ್ಜಿ, ನಮ್ಮದು ತಪಸ್ಸು ಕಾಲ. ಹುಡುಗ ಬಾಡು ಬಿಟ್ಟಿದ್ದಾನೆ."

"ನಾವು ಶ್ರಾವಣದಾಗ ಬಿಡಲ್ವೇನವ್ವ, ಹಂಗೇ ಅಲ್ವಾ? ಹೋಳಿಗೆ ಮಾಡೀನಿ. ಎಡೆಗೆ ಇಡೋಕೆ ಮುಂಚೆನೇ ಅವನಿಗೆ ಬ್ಯಾರೆ ತೆಗೆದಿಡ್ತೀನಿ, ಕಳ್ಸು."

ಹೋದ. ಹೋಳಿಗೆ ತುಪ್ಪ ಉಂಡು, ಅವರ ನೆಂಟರ ಮಕ್ಕಳ ಜೊತೆ ಕ್ರಿಕೆಟ್ ಆಡಿ ಬಂದ. ಕ್ರಿಸ್‌ಮಸ್‌ಗೆ ನಾವು ಅವರ ಮನೆಗೆ ಕಲ್ಕಲ್ಸ್ ಅನ್ನೋ ಕರಿದ ಸಿಹಿತಿಂಡಿ, ಕೇಕು ಕೊಡ್ತೀವಿ. ಯೇಸು ಹುಟ್ಟಿದ್ದನ್ನು ತೋರಿಸೋಕೆ ಕಟ್ಟುವ ಗೋದಲಿಗೆ ಹುಲ್ಲು ಅವರ ಹಿತ್ತಲಿಂದಲೇ ಬರುತ್ತೆ. ತನ್ನ ವಿಶ್ವಾಸ ಗಟ್ಟಿ ಇರೋ ಹುಡುಗನಿಗೆ ನೆರೆಯವರ ಮನೆ ಹೊಸಿಲು ದಾಟೋಕೆ ಹೆದರಿಕೆ ಇರಬಾರದು. ಇದನ್ನು ನಾನು ತರಗತಿಯಲ್ಲೂ ಹೇಳ್ತೀನಿ, ಕೆಲವು ಪೋಷಕರು ಒಪ್ಪಲ್ಲ. ನನಗೆ ಇದು ಬಹಳ ಮುಖ್ಯ.

ಮಗಳು ಈಗ ಪಿಯುಸಿ. ತಾತ ತೀರಿಕೊಂಡಾಗ ಅವಳು ಕೇಳಿದ್ದು: "ಅಷ್ಟು ಪ್ರಾರ್ಥನೆ ಮಾಡಿದ್ವಲ್ಲ, ಯಾಕೆ ಉಳಿಲಿಲ್ಲ?" ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ, ಈ ನೋವು ತಪ್ಪಲಿ ಅಂತ ಯೇಸು ಕೇಳಿಕೊಂಡದ್ದೂ ಸಿಗಲಿಲ್ಲ ಅನ್ನೋದನ್ನು ಜೊತೆಯಾಗಿ ಓದಿದೆವು. ಅವಳ ದುಃಖ ಅದರಿಂದ ಕರಗಲಿಲ್ಲ, ಆದರೆ ಪ್ರಶ್ನೆ ಕೇಳೋದನ್ನು ನಿಲ್ಲಿಸಲಿಲ್ಲ. ಹನ್ನೆರಡು ವರ್ಷದ ಯೇಸುವನ್ನು ಮರಿಯ, ಜೋಸೆಫ್ ಹುಡುಕಿ ಹೋದಾಗ ಆತ ಜೆರುಸಲೇಮಿನ ದೇವಾಲಯದಲ್ಲಿ ಧರ್ಮಬೋಧಕರನ್ನು ಪ್ರಶ್ನೆ ಕೇಳುತ್ತಾ ಕೂತಿದ್ದ. ಹಾಗಾಗಿ ಮಕ್ಕಳ ಪ್ರಶ್ನೆಗೆ ನಾನು ಸಿಟ್ಟಾಗಲ್ಲ.

ಈ ವಯಸ್ಸಿನಲ್ಲಿ ನಿಜವಾದ ಜಗ್ಗಾಟ ಇರೋದು ಭಾನುವಾರ ಬೆಳಿಗ್ಗೆ. ನಮ್ಮೂರಲ್ಲಿ ನೀಟ್, ಸಿಇಟಿ ಕೋಚಿಂಗ್ ಬಲಿಪೂಜೆಯ, ಅಂದರೆ ಪರಮಪ್ರಸಾದ ಕೊಡುವ ಚರ್ಚಿನ ಮುಖ್ಯ ಆರಾಧನೆಯ, ಹೊತ್ತಿಗೇ ಬೀಳುತ್ತೆ. ಬಹಳ ಮನೆಗಳಲ್ಲಿ ಎರಡು ವರ್ಷ ದೇವಾಲಯ ಬಿಟ್ಟ ಮಕ್ಕಳು ಆಮೇಲೂ ಬರೋದಿಲ್ಲ. ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ್ದೇ ಲೆಕ್ಕ ಅಂತ 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೇ ಇದೆ. ಕೋಚಿಂಗ್‌ಗೆ ಫೀಸು ಕಟ್ಟುವ ಮುಂಚೆ ತರಗತಿಯ ವೇಳಾಪಟ್ಟಿ ಕೇಳಿ, ಅದನ್ನು ಹಿಡಿದುಕೊಂಡು ಗುರುಗಳ ಹತ್ತಿರ ಹೋಗಿ ಬಲಿಪೂಜೆಯ ಸಮಯ ಹೊಂದಿಸಿಕೊಳ್ಳಿ. ನಾವು ಮಾಡಿದ್ದು ಹಾಗೆಯೇ.