ಬರೆಯುತ್ತಲೇ ಬರವಣಿಗೆ ಕಲಿಸುವುದು ಹೇಗೆ?

ಮೊದಲ ತರಗತಿಯನ್ನು ಕೋಣೆಯೊಳಗೆ ಮಾಡಬೇಡಿ. ನಾನು ವಿದ್ಯಾರ್ಥಿಗಳನ್ನು ಮೈಸೂರಿನ ದೇವರಾಜ ಮಾರುಕಟ್ಟೆಗೆ ಕರೆದೊಯ್ಯುತ್ತೇನೆ. ಒಂದೇ ಅಂಗಡಿ, 20 ನಿಮಿಷ. ಹೂವಿನವರು ಮೊಣಕೈಯಿಂದ ಬೆರಳ ತುದಿವರೆಗೆ ಮಲ್ಲಿಗೆಯ ಮೊಳ ಹಾಕುವಾಗ ದಾರ ಸಡಿಲವೋ ಬಿಗಿಯೋ, ಗಿರಾಕಿಯನ್ನು ಏನಂತ ಕೂಗುತ್ತಾರೆ, ಅಷ್ಟನ್ನೇ ಬರೆಯಬೇಕು. ‘ಸುಂದರ’ ಎಂಬ ಪದ ಬೇಡ. ನೋಡದ್ದನ್ನು ಸೇರಿಸುವಂತಿಲ್ಲ. ಕಥೆಯಲ್ಲಾದರೆ ಸರಿ, ಪ್ರಬಂಧದಲ್ಲಿ ಓದುಗರ ನಂಬಿಕೆಯೇ ಹೋಗುತ್ತದೆ, ಅಲ್ವಾ?

ವಾಪಸ್ ಬಂದು ಗಟ್ಟಿಯಾಗಿ ಓದಿಸಿ. ನಾಲಿಗೆ ತಡವರಿಸಿದ ಕಡೆ ಗೆರೆ ಎಳೆಸಿ. ತಿದ್ದುವಾಗ ಪುಟಕ್ಕೆ ಎರಡೇ ಮಾತು ಹೇಳಿ. ಜಾಸ್ತಿ ಹೇಳಿದರೆ ಅವರ ದನಿ ಹೋಗಿ ನಿಮ್ಮದು ಕೂರುತ್ತದೆ. ಇದನ್ನು ನಾನು ತುಂಬಾ ತಡವಾಗಿ ಕಲಿತೆ.

ಪಾಠ ಮುಗಿಸಿದ ಸಂಜೆ ನಿಮ್ಮ ಬರವಣಿಗೆ ಸಾಗುವುದಿಲ್ಲ. ಬೆಳಗ್ಗೆ 5ರಿಂದ 7 ಅದಕ್ಕೇ ಇಡಿ. ಆ ಹೊತ್ತಿನಲ್ಲಿ ನನ್ನ ಫೋನು ಅಡುಗೆಮನೆಯಲ್ಲಿರುತ್ತದೆ.